ಜನಸಂಖ್ಯಾ ನೀತಿಯ ವ್ಯಾಪ್ತಿ : ರೋಣ ಸೀಮೆಯ ನಿದರ್ಶನ

ಜನಸಂಖ್ಯಾ ನೀತಿಯೆಂದರೆ ಜನನಗಳನ್ನು ತಗ್ಗಿಸುವ ಉಪಾಯವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭಾವನೆ ಎಷ್ಟರಮಟ್ಟಿಗೆ ಸಾಲುವುದೆಂಬುದನ್ನು ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಕನ್ನಡ ನಾಡಿಗೆ ದೀರ್ಘವಾದ ಇತಿಹಾಸವುಂಟು. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲಿಯೇ ಸಂತತಿನಿಯಮನದ ಚಿಕಿತ್ಸಾಲಯಗಳಿಗೆ ಅವಕಾಶವಿತ್ತಿತು. ರೋಣ ಸೀಮೆ ಅಂದು ಧಾರವಾಡ ಜಿಲ್ಲೆಯೊಡನೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಭಾರತ ಸರ್ಕಾರ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಕೈಗೊಂಡಿತು. 1975-77ರ ತುರ್ತುಪರಿಸ್ಥಿತಿಯಲ್ಲಿ ಅದು ಬಲಾತ್ಕಾರದ ರೂಪವನ್ನು ತಾಳಿ ಜನರ ವಿಶ್ವಾಸವನ್ನು ಕಳೆದುಕೊಂಡಿತು. 1994ರ ಕೈರೋ ಸಮ್ಮೇಳನವು ಜನಸಂಖ್ಯೆಯನ್ನು ಸ್ತ್ರೀಯರ ಆರೋಗ್ಯ, ಶಿಕ್ಷಣ ಮತ್ತು ಅಭಿವೃದ್ಧಿಯೊಡನೆ ಜೋಡಿಸಿತು; 1996ರಲ್ಲಿ ಭಾರತವು ಗರ್ಭನಿರೋಧದ ಗುರಿಸಂಖ್ಯೆಗಳನ್ನು ಕೈಬಿಟ್ಟಿತು; 2000ದ ರಾಷ್ಟ್ರೀಯ ಜನಸಂಖ್ಯಾ ನೀತಿಯು ಶಾಲೆ, ವಿವಾಹದ ವಯಸ್ಸು ಮತ್ತು ಶಿಶುಮರಣಗಳನ್ನು ತನ್ನ ಕಕ್ಷೆಯೊಳಗೆ ತಂದುಕೊಂಡಿತು. ನೀತಿಯ ಅಕ್ಷರ ಹಿರಿದಾಯಿತು; ಆಚರಣೆ ಮಾತ್ರ ಬಹುಮಟ್ಟಿಗೆ ಹಳೆಯ ಜಾಡಿನಲ್ಲಿಯೇ ನಡೆಯಿತು.

ಇನ್ನು ಅಂಕಿಗಳನ್ನು ನೋಡೋಣ. ಒಂದು ಪೀಳಿಗೆಯ ಸ್ಥಾನವನ್ನು ಮುಂದಿನ ಪೀಳಿಗೆ ತುಂಬಬೇಕಾದರೆ ಸ್ತ್ರೀಯೊಬ್ಬಳಿಗೆ ಸರಾಸರಿ 2.1 ಮಕ್ಕಳು ಬೇಕೆಂದು ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ 1.7ಕ್ಕೆ ಇಳಿದಿದ್ದಿತು. 2001ರಲ್ಲಿ 9,71,835 ಇದ್ದ ಗದಗ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 10,64,570 ಆಯಿತು. ಏರಿಕೆ ಶೇಕಡ 9.5ರಷ್ಟು. ಅದೇ ದಶಕದಲ್ಲಿ ರಾಜ್ಯದ ಏರಿಕೆ ಶೇಕಡ 15.6. ಜನಸಂಖ್ಯೆ ಮಂದಗತಿಯಲ್ಲಿ ಬೆಳೆದ ಸೀಮೆಯಲ್ಲಿ ಬಡತನವೂ ಅದೇ ಪ್ರಮಾಣದಲ್ಲಿ ಇಳಿಯಬೇಕಲ್ಲವೆ ಎಂದು ವಾಚಕರು ಕೇಳಬಹುದು. ಏರಿಕೆ ಮಂದವಾಗಲು ಜನನದ ಇಳಿತದೊಡನೆ ಗುಳೆಯೂ ಒಂದು ಕಾರಣವಾಗಿರಬಹುದೆಂಬುದೇ ಇದಕ್ಕೆ ಉತ್ತರ. ಗೋವೆ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುವುದು ಈ ಸೀಮೆಯ ಒಕ್ಕಲು ಮನೆತನಗಳಿಗೆ ಹೊಸದೇನಲ್ಲ.

ಗುಳೆಯ ಮೂಲ ಭೂಮಿ ಮತ್ತು ನೀರಿನಲ್ಲಿದೆ. ಇಲ್ಲಿಯದು ಹೆಚ್ಚಾಗಿ ಎರೆಭೂಮಿ. ಹೆಸರು, ಕಡಲೆ, ಬಿಳಿಜೋಳ, ಹತ್ತಿ ಇಲ್ಲಿಯ ಬೆಳೆಗಳು. ಮಳೆ ಕಡಿಮೆ, ಅದೂ ಅನಿಶ್ಚಿತ. ಹನ್ನೆರಡು ಎಕರೆಯ ಒಕ್ಕಲಿಗನಿಗೆ ಮೂವರು ಗಂಡುಮಕ್ಕಳಿದ್ದರೆ ಒಬ್ಬೊಬ್ಬನಿಗೆ ನಾಲ್ಕು ಎಕರೆ. ಆ ಮಗನಿಗೆ ಇಬ್ಬರೇ ಮಕ್ಕಳಾದರೂ ಮೊಮ್ಮಗನ ಪಾಲು ಎರಡೇ ಎಕರೆ. ಇಂದು ಜನನ ತಗ್ಗಿತೆಂದು ನಿನ್ನೆ ಹರಿದುಹಂಚಿದ ಹೊಲ ಕೂಡಿಕೊಳ್ಳುವುದಿಲ್ಲ.

ನೀರು ಬಂದ ಕಡೆಯಲ್ಲಿಯೂ ಪ್ರಶ್ನೆ ಮುಗಿಯಲಿಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ನರಗುಂದ ಭಾಗಕ್ಕೆ ಹರಿಯಿತು. ಕಾಲುವೆಯ ನೀರು ಸರಿಯಾಗಿ ದೊರೆಯದಿದ್ದರೂ ಅಭಿವೃದ್ಧಿ ಕರವನ್ನು ವಸೂಲುಮಾಡಲು ಹೊರಟುದರಿಂದ 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬಂಡೆದ್ದರು. ಅಂದು ಈ ಸೀಮೆಯಲ್ಲಿ ಗೋಲಿಬಾರಿಗೆ ರೈತರು ಬಲಿಯಾದರು. ಅಚ್ಚುಕಟ್ಟಿನಲ್ಲಿ ಹೆಚ್ಚು ನೀರು ನಿಂತು, ಬಸಿಗಾಲುವೆಯಿಲ್ಲದೆ, ಎಷ್ಟೋ ಎರೆಹೊಲಗಳು ಸವಳು-ಜವಳಾದವು. ಜನ ಹೆಚ್ಚಾದುದರಿಂದ ಈ ಭೂಮಿ ಕೆಡಲಿಲ್ಲ. ನೀರಿನ ವ್ಯವಸ್ಥೆ ಕೆಟ್ಟುದರಿಂದ ಕೆಟ್ಟಿತು. ಮುಂದಿನ ಪೀಳಿಗೆಯ ಪಾಲನ್ನು ಕೆಡಿಸದೆ ಇಂದಿನ ಪೀಳಿಗೆ ಬಾಳುವುದೇ ಸುಸ್ಥಿರ ಅಭಿವೃದ್ಧಿ ಎನ್ನುವುದಾದರೆ, ಇದು ಅದರ ನೇರ ವಿರೋಧ.

ಈ ಭಾರವೆಲ್ಲವೂ ಕಡೆಗೆ ಹೆಣ್ಣಿನ ಹೆಗಲಿಗೆ ಬೀಳುತ್ತದೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಪುರುಷರ ಶಸ್ತ್ರಚಿಕಿತ್ಸೆ ಇಲ್ಲವೆನ್ನುವಷ್ಟು ವಿರಳ. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಐವರಲ್ಲಿ ಒಬ್ಬಳು ಹದಿನೆಂಟು ತುಂಬುವ ಮೊದಲೇ ಮದುವೆಯಾದವಳು. ಮನೆಯವರು ಗುಳೆ ಹೊರಟಾಗ ಬೆಳೆದ ಮಗಳನ್ನು ಊರಿನಲ್ಲಿ ಬಿಡಲು ತಾಯಿತಂದೆ ಅಂಜುತ್ತಾರೆ. ಅವಳ ಶಾಲೆ ನಿಲ್ಲುತ್ತದೆ, ಮದುವೆ ಬೇಗ ಗೊತ್ತಾಗುತ್ತದೆ. ಕುಟುಂಬ ಚಿಕ್ಕದಾದ ಮಾತ್ರಕ್ಕೆ ಅವಳ ಬಾಳು ಹಿರಿದಾಗಲಿಲ್ಲ.

ನೀತಿಯ ವ್ಯಾಪ್ತಿಯನ್ನು ಇಷ್ಟು ಹಿಗ್ಗಿಸಿದರೆ ಮುಖ್ಯ ಕಾರ್ಯ ಹಿಂದೆ ಬೀಳುವುದೆಂಬ ಆಕ್ಷೇಪವುಂಟು. ಜನನ ನಿಯಂತ್ರಣದ ಸೌಕರ್ಯ ಎಲ್ಲರಿಗೂ ದೊರೆಯಲೇಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಜನನಪ್ರಮಾಣ ಇಳಿದ ಮೇಲೆಯೂ ಅದೊಂದನ್ನೇ ಗುರಿಯೆಂದು ಹಿಡಿಯುವುದು ದಾಟಿದ ಹಳ್ಳಕ್ಕೆ ಮತ್ತೆ ಸೇತುವೆ ಕಟ್ಟಿದಂತೆ. ಈ ಸೀಮೆಗೆ ಇಂದು ಬೇಕಾದುದು ಒಡ್ಡು, ಕೃಷಿಹೊಂಡ ಮತ್ತು ಬಸಿಗಾಲುವೆ. ಗುಳೆ ಹೋದವರ ಮಕ್ಕಳು ಊರಲ್ಲಿಯೇ ಉಳಿದು ಓದಲು ವಸತಿಶಾಲೆ. ಗಜೇಂದ್ರಗಡದ ನೇಕಾರಿಕೆಯಂಥ ಕಸುಬುಗಳಿಗೆ ಆಸರೆ. ದುಡಿಯುವ ಮಕ್ಕಳು ದೂರವಾದ ವೃದ್ಧರಿಗೆ ನೆರವು. ಇವು ಇಂದು ಬೇರೆಬೇರೆ ಇಲಾಖೆಗಳ ಕಡತಗಳಲ್ಲಿ ಹಂಚಿಹೋಗಿವೆ. ಆದರೆ ಅನುಭವಿಸುವ ಮನೆ ಒಂದೇ.

ಎಷ್ಟು ಜನ ಹುಟ್ಟಿದರೆಂಬ ಪ್ರಶ್ನೆಯೊಡನೆ, ಹುಟ್ಟಿದವರು ಹುಟ್ಟಿದ ನೆಲದಲ್ಲಿ ಮಾನದಿಂದ ಬಾಳಬಲ್ಲರೆ ಎಂಬ ಪ್ರಶ್ನೆಯನ್ನೂ ಜನಸಂಖ್ಯಾ ನೀತಿ ಕೇಳಬೇಕು. ಈ ಎರಡನೆಯ ಪ್ರಶ್ನೆಗೆ ಹಳ್ಳಿಹಳ್ಳಿಯಿಂದ ಉತ್ತರವನ್ನು ಸಂಗ್ರಹಿಸುವ ಕಾರ್ಯಕ್ಕೆ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಹಾಕುವರೆಂದು ಆಶಿಸುತ್ತೇವೆ.