ಐದು ಗೆರೆಯ ಮೇಲೆ ಐದು ತಂತಿ

ಮಹಾಲಿಂಗಪುರ, ರಬಕವಿ, ಬನಹಟ್ಟಿ ಕಡೆ ಬ್ಯಾಂಜೊ ಅಂದರೆ ಸಾಲು ಗುಂಡಿಗಳಿರುವ ಉದ್ದನೆಯ ಪೆಟ್ಟಿಗೆ. ಗಣಪತಿ ಕಳಿಸುವ ದಿನ, ಮದುವೆ ಮೆರವಣಿಗೆಯಲ್ಲಿ, ಆಂಪ್ಲಿಫೈಯರ್‌ಗೆ ತಗುಲಿಸಿ ಸಿನಿಮಾ ಹಾಡು ನುಡಿಸುತ್ತಾರಲ್ಲ, ಅದು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಅದರ ಮೂಲ ಜಪಾನು. 1912ರಲ್ಲಿ ನಗೋಯಾದ ಮೊರಿತಾ ಗೊರೊ ಎಂಬಾತ ಮಾಡಿದ ತೈಶೊಗೊತೊ ನಮ್ಮಲ್ಲಿ ಬುಲ್‌ಬುಲ್ ತರಂಗವಾಯಿತು, ಬಾಯಿಮಾತಿನಲ್ಲಿ ಬ್ಯಾಂಜೊ ಆಯಿತು. ಅದನ್ನು ನುಡಿಸುವವರ ಮುಂದೆ ನೋಟೇಶನ್ ಮಾತು ತೆಗೆದರೆ ಉತ್ತರ ಸಿದ್ಧ: ‘ಕಿವಿ ಎದಕ್ಕದಾವ್ರೀ ಮತ್ತ?’

ಅಸಲಿ ಬ್ಯಾಂಜೊ ಬೇರೆಯೇ. ಚರ್ಮ ಬಿಗಿದ ದುಂಡನೆಯ ಬಳೆ, ಉದ್ದನೆಯ ಕುತ್ತಿಗೆ, ಐದು ತಂತಿ. ಆಫ್ರಿಕಾದಿಂದ ಗುಲಾಮರಾಗಿ ಹೋದವರ ಕೈಯಲ್ಲಿ ಅಮೆರಿಕದ ನೆಲದಲ್ಲಿ ರೂಪುಗೊಂಡ ವಾದ್ಯ ಅದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕ, ಇಂಗ್ಲೆಂಡಿನ ಉಳ್ಳವರ ಮನೆಯ ಪಡಸಾಲೆಗೂ ಬಂತು. ಆಗ ಬೆಳೆದದ್ದು ಇಂದು ‘ಕ್ಲಾಸಿಕ್’ ಅನ್ನಿಸಿಕೊಳ್ಳುವ ಶೈಲಿ. ಕರುಳಿನ ತಂತಿ (ಈಗ ನೈಲಾನು), ನಖಿ ಇಲ್ಲದ ಬರಿ ಬೆರಳು. ಅಮೆರಿಕದ ವೆಸ್ ಆಸ್‌ಮನ್, ಫ್ರೆಡ್ ವ್ಯಾನ್ ಎಪ್ಸ್, ಇಂಗ್ಲೆಂಡಿನ ಜೋ ಮಾರ್ಲಿ ಅದರ ದೊಡ್ಡ ಹೆಸರುಗಳು. ಅವರ ಸಂಗೀತ ನಮಗೆ ಉಳಿದಿರುವುದು ಹಳೆಯ ಧ್ವನಿಮುದ್ರಿಕೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯಲ್ಲಿ. ಆ ಲಿಪಿ ಓದಲು ಬಾರದವರಿಗೆ ಈ ಶೈಲಿಯ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ.

ಸ್ವರ ಬರೆದು ಓದುವುದು ನಮ್ಮ ಸೀಮೆಗೆ ಹೊಸದೇನಲ್ಲ. ಜಮಖಂಡಿಯಂತೆಯೇ ಪಟವರ್ಧನರ ಸಂಸ್ಥಾನವಾಗಿದ್ದ ಕುರುಂದವಾಡದಲ್ಲಿ 1872ರಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಹುಟ್ಟಿದರು. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜಿಕರ್ ಅವರ ಬಳಿ ಹಾಡು ಕಲಿತು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ದೃಷ್ಟಿ ಕುಂದಿದ ಮನುಷ್ಯ ಕಣ್ಣಿನಿಂದ ಓದುವ ಸ್ವರಲಿಪಿಯೊಂದನ್ನು ಕಟ್ಟಿದ್ದು ನನಗಂತೂ ಇಂದಿಗೂ ಬೆರಗು. ಅವರ ಸಮಕಾಲೀನ ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಪದ್ಧತಿ ಇನ್ನಷ್ಟು ಸರಳ: ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ತಲೆಯ ಮೇಲೊಂದು ನಿಲುಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಹಿಂದೂಸ್ತಾನಿ ಪರೀಕ್ಷೆಗೆ ಕೂರುವ ನಮ್ಮ ಮಕ್ಕಳು ಇದನ್ನು ಬರೆದೇ ಪಾಸಾಗುತ್ತಾರೆ. ಅಂಥವರಿಗೆ ಬ್ಯಾಂಜೊದ ಐದು ಗೆರೆ ಅಂದುಕೊಂಡಷ್ಟು ದೂರವಿಲ್ಲ ಎಂಬುದೇ ನನ್ನ ವಾದ.

ತಂತಿಗಳಿಂದಲೇ ನೋಡೋಣ. ಈ ಶೈಲಿಯಲ್ಲಿ ನಾಲ್ಕನೇ ತಂತಿಯಿಂದ ಮೊದಲನೆಯದರವರೆಗೆ ಶ್ರುತಿ ಸಿ, ಜಿ, ಬಿ, ಡಿ. ಗಿಡ್ಡನೆಯ ಐದನೇ ತಂತಿ ಮೇಲಿನ ಜಿ. ಕಾಗದದ ಮೇಲೆ ಕೆಳಗಿನಿಂದ ಎಣಿಸಿದರೆ ಎರಡನೇ ಗೆರೆ ಜಿ, ಮೂರನೆಯದು ಬಿ, ನಾಲ್ಕನೆಯದು ಡಿ. ಅಂದರೆ ನಡುವಿನ ಮೂರು ಗೆರೆಗಳೆಂದರೆ ಮೂರು ಬಿಡಿ ತಂತಿಗಳು. ಜಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಅವು ಸ, ಗ, ಪ. ಐದನೇ ತಂತಿ ಮೇಲ್ಗೆರೆಯ ನೆತ್ತಿಯ ಮೇಲೆ ಕೂತ ತಾರ ಷಡ್ಜ. ನಾಲ್ಕನೆಯದು ಐದು ಗೆರೆಗೂ ಕೆಳಗೆ, ತನ್ನದೇ ತುಂಡುಗೆರೆಯ ಮೇಲೆ, ಮಂದ್ರ ಮಧ್ಯಮ. ನಾದ ಮಾತ್ರ ಬರೆದದ್ದಕ್ಕಿಂತ ಒಂದು ಸಪ್ತಕ ಕೆಳಗೆ ಕೇಳುತ್ತದೆ. ಇಷ್ಟು ಒಂದು ಸಂಜೆಯಲ್ಲಿ ತಲೆಗೆ ಹತ್ತುತ್ತದೆ.

ಎಡವುವುದು ಮರುದಿನ. ಹಾಡು ಸಿ ಶ್ರುತಿಗೆ ಹೊರಳಿದರೆ ಅದೇ ಮೂರು ಗೆರೆ ಪ, ನಿ, ತಾರ ರಿ ಆಗುತ್ತವೆ. ನಮ್ಮ ಷಡ್ಜ ಹಾಡುಗಾರನ ಜೊತೆ ನಡೆಯುತ್ತದೆ, ಪಾಶ್ಚಾತ್ಯರ ಗೆರೆ ನಿಂತಲ್ಲೇ ನಿಂತಿರುತ್ತದೆ. ಗೆರೆಗೆ ಸರಿಗಮ ಅಂಟಿಸಿ ಓದಲು ಹೊರಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಗೆರೆ ಕಂಡರೆ ಸ್ವರದ ಹೆಸರಲ್ಲ, ತಂತಿ ಮತ್ತು ಮನೆ (ಫ್ರೆಟ್) ನೆನಪಾಗಬೇಕು. ತಮಾಷೆಯೆಂದರೆ, ಷಡ್ಜ ಸರಿಸುವ ನಮ್ಮ ಅಭ್ಯಾಸವೇ ಇನ್ನೊಂದು ಕಡೆ ನಮ್ಮನ್ನು ಕಾಯುತ್ತದೆ. ಅಮೆರಿಕದ ಹಳೆಯ ಬ್ಯಾಂಜೊ ಪುಸ್ತಕಗಳಲ್ಲಿ ಬರವಣಿಗೆ ಎ ಶ್ರುತಿಯಲ್ಲಿದ್ದು, ವಾದ್ಯ ಸಿ ಶ್ರುತಿಯಲ್ಲಿ ನುಡಿಯುತ್ತಿತ್ತು. ತಂತಿ ಕಾಲಕ್ರಮೇಣ ಏರಿತು, ಬರವಣಿಗೆ ಹಿಂದೆ ಉಳಿಯಿತು. ಅದನ್ನು ಸರಿಪಡಿಸುವ ಬಗ್ಗೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ದೊಡ್ಡ ಜಗಳವೇ ನಡೆಯಿತು. ಇವತ್ತು ಬಿಳಿ ಒಂದಕ್ಕೆ, ನಾಳೆ ಕರಿ ಎರಡಕ್ಕೆ ಪೇಟಿ ಹಿಡಿಯುವ ನಮ್ಮ ಭಜನಾ ಮೇಳದವರಿಗೆ ಇದೊಂದು ಜಗಳವೆಂದೇ ಅನ್ನಿಸಲಿಕ್ಕಿಲ್ಲ.

ಇನ್ನೊಂದು ತೊಡಕು ನಿಜವಾಗಿಯೂ ದೊಡ್ಡದು. ನಾಲ್ಕನೇ ಗೆರೆಯ ಡಿ ಮೊದಲ ತಂತಿಯಲ್ಲಿ ಬಿಡಿಯಾಗಿ ಸಿಗುತ್ತದೆ, ಎರಡನೇ ತಂತಿಯ ಮೂರನೇ ಮನೆಯಲ್ಲಿ ಸಿಗುತ್ತದೆ, ಮೂರನೇ ತಂತಿಯ ಏಳನೇ ಮನೆಯಲ್ಲೂ ಸಿಗುತ್ತದೆ. ಎಲ್ಲಿ ಹಿಡಿಯಬೇಕು? ಅದಕ್ಕೇ ಗೆರೆಗಳ ಮೇಲೆ ಎಡಗೈ ನಿಲ್ಲಬೇಕಾದ ಮನೆಯ ಅಂಕಿ ಬರೆದಿರುತ್ತಾರೆ. ಬಲಗೈಗೂ ಗುರುತುಂಟು: ಹೆಬ್ಬೆರಳಿಗೆ ಕೂಡು ಚಿಹ್ನೆ, ತೋರುಬೆರಳಿಗೆ ಒಂದು ಚುಕ್ಕೆ, ನಡುಬೆರಳಿಗೆ ಎರಡು. ಬನಹಟ್ಟಿಯ ನೇಕಾರ ಚೌಕಳಿ ಕಾಗದದ ಮೇಲಿನ ಅಂಚಿನ ನಕ್ಷೆಯನ್ನು ಎಳೆ ಎಳೆಯಾಗಿ ಎಣಿಸುತ್ತ ಕೂರುವುದಿಲ್ಲ, ಹೂವನ್ನೇ ಕಾಣುತ್ತಾನೆ. ಪಳಗಿದ ಬ್ಯಾಂಜೊಗಾರನೂ ಹಾಗೆಯೇ ಒಂದೊಂದೇ ಸ್ವರ ಓದದೆ ನಾಲ್ಕಾರು ಸ್ವರಗಳ ಹಿಡಿತವನ್ನೇ ಒಟ್ಟಿಗೆ ಓದುತ್ತಾನೆ.

ಗೆರೆಯ ಮೇಲೆ ಮೀಂಡ್, ಗಮಕ ಎಲ್ಲಿ ಬರುತ್ತದೆ ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದೂ ಹೌದು. ಆದರೂ ಮದ್ರಾಸಿನ ಚಿನ್ನಸ್ವಾಮಿ ಮುದಲಿಯಾರರು 1893ರಲ್ಲಿಯೇ ಕರ್ನಾಟಕ ಸಂಗೀತದ ಕೃತಿಗಳನ್ನು ಈ ಲಿಪಿಗೆ ಇಳಿಸಿ ಅಚ್ಚು ಹಾಕಿಸಿದ್ದರು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಕರ್ನಾಟಕ ವಾದ್ಯವೃಂದವೂ ಅಕ್ಕಪಕ್ಕ ಬಾಳಿದವು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥ್ ಮಾತ್ರ ಆ ವಾದ್ಯವನ್ನು ನಮ್ಮ ಗಮಕಕ್ಕೇ ಬಗ್ಗಿಸಿದರು. ಬ್ಯಾಂಜೊ ಹಾಗೆ ಬಗ್ಗುವ ವಾದ್ಯವಲ್ಲ. ಮೀಟಿದ ಸ್ವರ ಚರ್ಮದ ಮೇಲೆ ಕ್ಷಣಕಾಲ ನಿಂತು ಸತ್ತುಹೋಗುತ್ತದೆ. ಎಳೆದು ಹಾಡಲು ಅಲ್ಲಿ ನಾದವೇ ಉಳಿಯುವುದಿಲ್ಲ. ಹಾಗಾಗಿ ಆ ಖಾಲಿ ಜಾಗವನ್ನು ಬಿಡಿಬಿಡಿ ಸ್ವರಗಳಿಂದ ತುಂಬಬೇಕು, ಪ್ರತಿಯೊಂದೂ ತನ್ನ ಮಾತ್ರೆಯಲ್ಲೇ ಬೀಳಬೇಕು. ಇಂಥ ಸಂಗೀತಕ್ಕೆ ಐದು ಗೆರೆ ಹೇಳಿ ಮಾಡಿಸಿದ ಲಿಪಿ.

ಜೋ ಮಾರ್ಲಿ ತೀರಿಕೊಂಡದ್ದು 1937ರಲ್ಲಿ. ಭಾರತದ ಕಾನೂನಿನಂತೆ ಅರವತ್ತು ವರ್ಷದ ಹಕ್ಕು ಮುಗಿದು ಬಹಳ ಕಾಲವಾಯಿತು, ಅವರ ರಚನೆಗಳನ್ನು ಯಾರು ಬೇಕಾದರೂ ಭಾತಖಂಡೆ ಪದ್ಧತಿಗೆ ಇಳಿಸಿ ಕನ್ನಡದಲ್ಲಿ ಅಚ್ಚು ಹಾಕಬಹುದು. ಹಾರ್ಮೋನಿಯಂ ಮೇಷ್ಟ್ರು ಯಾರಾದರೂ ಕೈ ಹಾಕಿದರೆ ಮೊದಲ ಸಾಲಿನಲ್ಲೇ ಐದನೇ ತಂತಿ ಅಡ್ಡ ಬರುತ್ತದೆ. ಮಿರಜದ ಸಿತಾರಿನ ಚಿಕಾರಿ ತಂತಿಯಂತೆ ಅದರ ಬಿರಡೆಯೂ ಕುತ್ತಿಗೆಯ ನಡುವೆಯೇ ಇದೆ, ಹೆಬ್ಬೆರಳು ಹಾಡಿನ ಸಂದಿಯಲ್ಲಿ ಅದನ್ನು ಮೀಟುತ್ತಲೇ ಇರುತ್ತದೆ. ಒಂದೇ ಸಾಲಿನ ನಮ್ಮ ಸ್ವರಲಿಪಿಯಲ್ಲಿ ಅದಕ್ಕೆ ಜಾಗವಿಲ್ಲ. ಹಾಡಿಗೆ ಒಂದು, ಹೆಬ್ಬೆರಳಿಗೆ ಒಂದು ಎಂದು ಎರಡು ಸಾಲು ಹಾಕಿಕೊಳ್ಳಬೇಕು. ಅಷ್ಟು ಹೊತ್ತಿಗೆ ಮೇಷ್ಟ್ರಿಗೆ ಐದು ಗೆರೆಯೇ ಹಗುರ ಅನ್ನಿಸಿದರೂ ಅನ್ನಿಸೀತು.