ಭದ್ರೆಯ ದಂಡೆಗೊಂದು ನಡೆದಾರಿ

ಮಳೆಗಾಲ ಬಲಿತಿತೆಂದರೆ ಶಿವಮೊಗ್ಗೆಯಲ್ಲಿ ಒಬ್ಬರನ್ನೊಬ್ಬರು ಕಂಡವರು ಕೇಳುವುದು ಒಂದೇ ಮಾತು: ‘ಮಂಟಪ ಮುಳುಗಿತೆ?’ ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ಪಾತ್ರದಲ್ಲಿ ನಿಂತಿರುವ ಆ ಕಲ್ಲುಮಂಟಪವೇ ಊರಿನವರ ಪಾಲಿಗೆ ಪ್ರವಾಹದ ಅಳತೆಗೋಲು. ಅದು ನೀರಿನಲ್ಲಿ ಮರೆಯಾದ ದಿನ ಹೊಳೆ ತುಂಬಿತೆಂದು ನಿಶ್ಚಯಿಸಿ, ದಂಡೆಯ ಮೇಲೆ ನೆರೆದು, ತಾಯಿಗೆ ಬಾಗಿನವನ್ನರ್ಪಿಸುವುದು ಇಲ್ಲಿಯ ರೂಢಿ. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಈ ನಗರವು ತುಂಗೆಯ ತೀರದಲ್ಲಿ, ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಅನುಕೂಲವಾಗುವಂತೆ, ಪಥವೊಂದನ್ನು ನಿರ್ಮಿಸಿದೆ. ವಿಹಾರಧಾಮದ ಬೇಲಿಯೊಳಗಿನ ದಾರಿ ಹಣ ತೆತ್ತವರಿಗೆ ಮಾತ್ರ ಸಲ್ಲತಕ್ಕದ್ದು. ಊರ ಹೊಳೆಯ ದಂಡೆಯ ದಾರಿಯಾದರೋ ಬರಿಗೈಯಲ್ಲಿ ಬಂದವರದೂ ಹೌದು. ಹಾಗಿರುವಲ್ಲಿ, ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ ಊರ ನಡುವೆಯೇ ಪ್ರವಹಿಸುವ ಭದ್ರೆಯ ತೀರಕ್ಕೂ ಇಂಥದೊಂದು ದಾರಿ ಬೇಡವೆ?

ಬೇಕೆಂಬುದೇ ನನ್ನ ಉತ್ತರ. ಆದರೆ ಶಿವಮೊಗ್ಗೆಯದನ್ನು ಹಾಗೆಯೇ ತಂದು ಇಲ್ಲಿ ಹಾಸುವುದು ಸಲ್ಲದು. ಏಕೆಂದರೆ ಗಂಗಾಮೂಲದಲ್ಲಿ ಹುಟ್ಟಿ, ಅಗಲಿ ಹರಿದು, ಕೂಡಲಿಯಲ್ಲಿ ಮರಳಿ ಒಂದಾಗುವ ಈ ಅಕ್ಕತಂಗಿಯರು, ಅಣೆಕಟ್ಟುಗಳ ದೆಸೆಯಿಂದ, ಈಗ ಭಿನ್ನಸ್ವಭಾವದವರಾಗಿದ್ದಾರೆ. ಗಾಜನೂರಿನ ತುಂಗಾ ಜಲಾಶಯ ಹಿಡಿಯುವುದು 3 ಟಿ.ಎಂ.ಸಿ.ಗಿಂತ ತುಸು ಹೆಚ್ಚು ನೀರನ್ನು ಮಾತ್ರ, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಆದುದರಿಂದ ಶೃಂಗೇರಿ ತೀರ್ಥಹಳ್ಳಿಗಳ ಕಡೆ ಮಳೆ ಹಿಡಿಯಿತೆಂದರೆ ಅದು ಬೇಗನೆ ತುಂಬಿ, ಆಮೇಲೆ ಬಂದ ನೀರೆಲ್ಲ ಊರಿನತ್ತ ಸಾಗುತ್ತದೆ. ತುಂಗೆಯ ಏರಿಳಿತ ಶಿವಮೊಗ್ಗೆಯವರಿಗೆ ವರ್ಷವರ್ಷದ ಪರಿಚಯ. ಲಕ್ಕವಳ್ಳಿಯ ಭದ್ರಾ ಜಲಾಶಯವಾದರೋ 71 ಟಿ.ಎಂ.ಸಿ.ಗೂ ಮಿಕ್ಕಿ ನೀರನ್ನು ಒಡಲಲ್ಲಿಟ್ಟುಕೊಳ್ಳಬಲ್ಲುದು. ಅಲ್ಲಿಯ ಮಟ್ಟ 186 ಅಡಿಯನ್ನು ಸಮೀಪಿಸುವವರೆಗೆ, ಸುತ್ತಣ ಕಾಡೆಲ್ಲ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದರೂ, ಭದ್ರಾವತಿಯಲ್ಲಿ ಹೊಳೆ ಸಾಧುವಾಗಿ ಹರಿಯುತ್ತಿರುತ್ತದೆ; ಜಲಾಶಯ ತುಂಬಿ ಗೇಟುಗಳನ್ನೆತ್ತಿದ ವರ್ಷ ಅದೇ ಹೊಳೆ ಹೊಸ ಸೇತುವೆಯನ್ನು ಮುಳುಗಿಸಿ, ತಗ್ಗಿನ ಬೀದಿಗಳ ಬಾಗಿಲನ್ನು ತಟ್ಟುತ್ತದೆ. ಕೆಲವು ವರ್ಷ ನೀರು ಏರದಿದ್ದರೆ ಸಾಕು, ದಂಡೆಯನ್ನು ಬರಿಯ ನೆಲವೆಂದು ಭಾವಿಸುವ ಮರವೆ ಮನುಷ್ಯಸಹಜವಾದುದು.

ಇಂಥ ನದಿಯ ಅಂಚಿಗೆ ಎತ್ತರದ ಕಾಂಕ್ರೀಟ್ ಗೋಡೆಯನ್ನೆಬ್ಬಿಸಿ, ಅದರ ಮೇಲೆ ನುಣುಪಾದ ದಾರಿಯನ್ನು ಮಾಡಿದರೆ, ಪಾತ್ರ ಸಂಕುಚಿತಗೊಂಡು ನೀರು ಎದುರು ದಂಡೆಯವರ ಮನೆಗಳಿಗೆ ನುಗ್ಗದಿದ್ದೀತೆ? ಹೊಳೆ ಬಂದಾಗ ಮುಳುಗಿ, ಇಳಿದಾಗ ತೊಳೆದುಕೊಂಡು ಮತ್ತೆ ಕಾಲಿಗೊದಗುವಂಥ ದಾರಿ ಇಲ್ಲಿಗೆ ತಕ್ಕುದು: ಸಂದುಗಳಲ್ಲಿ ನೀರಿಂಗುವ ಕಲ್ಲುಹಾಸು, ಮಣ್ಣನ್ನು ಬೇರುಗಳಿಂದ ಬಿಗಿದು ಹಿಡಿಯುವ ಹೊಳೆಮತ್ತಿ, ಹೊಂಗೆ, ನೇರಳೆ. ಅಲ್ಲಲ್ಲಿ ನೀರಿಗಿಳಿಯುವ ಸೋಪಾನಗಳೂ ಇರಲಿ. ಬಟ್ಟೆಯೊಗೆಯುವವರೂ ದನ ತೊಳೆಯುವವರೂ ವಾಯುಸೇವನೆಗೆ ಬಂದವರಿಗಾಗಿ ಸ್ಥಳ ಬಿಟ್ಟುಕೊಡಬೇಕಾಗಬಾರದು. ಇನ್ನು ಚರಂಡಿಯ ಕೊಳಚೆ ಹೊಳೆಗೆ ಬೀಳುವ ಬಾಯಿಗಳನ್ನು ಮೊದಲು ಮುಚ್ಚದೆ ದಾರಿಯನ್ನು ಹಾಸಿದರೆ, ಮೂಗು ಮುಚ್ಚಿಕೊಂಡು ನಡೆಯಬೇಕಾದೀತು.

ಬೆಂಕಿಪುರವೆಂದು ಹಿಂದೆ ಕರೆಯಿಸಿಕೊಳ್ಳುತ್ತಿದ್ದ ಈ ಊರು 1923ರಲ್ಲಿ ಕಬ್ಬಿಣದ ಕುಲುಮೆಯನ್ನೂ 1936ರಲ್ಲಿ ಕಾಗದದ ಕಾರ್ಖಾನೆಯನ್ನೂ ಕಂಡಿತು. ಎರಡಕ್ಕೂ ನೀರು ಬೇಕಾಗಿತ್ತು, ಭದ್ರೆ ಕೊಟ್ಟಳು. ದುಡಿದು ದಣಿದ ಆ ತಲೆಮಾರುಗಳ ಹಿರಿಯರು ಸಂಜೆ ನಾಲ್ಕು ಹೆಜ್ಜೆ ಹಾಕಲು ಅವಳ ದಂಡೆಯಲ್ಲಿ ನೆರಳಿನ ದಾರಿಯೊಂದಿರಬೇಕೆಂಬುದು ದುರಾಸೆಯಲ್ಲ.

ಭದ್ರಾವತಿಯ ಓದುಗರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಲಕ್ಕವಳ್ಳಿಯಲ್ಲಿ ಗೇಟುಗಳನ್ನೆತ್ತಿದಾಗ, ಸುರಕ್ಷಿತವಾದ ಎತ್ತರದಲ್ಲಿ ನಿಂತು, ನೀರು ಎಲ್ಲಿಯವರೆಗೆ ಬಂತೆಂಬುದನ್ನು ನೋಡಿರಿ; ಹಿಂದಿನ ನೆರೆಗಳಲ್ಲಿ ಎಲ್ಲಿಗೆ ಬಂದಿತ್ತೆಂದು ಬೀದಿಯ ಹಿರಿಯರನ್ನು ಕೇಳಿರಿ; ಆ ಗುರುತುಗಳನ್ನೆಲ್ಲ ಬರೆದು ನಗರಸಭೆಗೆ ಕೊಡಿರಿ. ದಾರಿಯ ನಕ್ಷೆಯ ಮೊದಲ ಗೆರೆ ಅಲ್ಲಿಂದ ಬರಲಿ.