ಆಯಿಯ ಗೋಡೆ ಮೇಲಿನ ಲಕ್ಷ್ಮಿ

ಔರಾದ್‌ನ ನಮ್ಮ ಆಯಿ ಮನೆಯ ಗೋಡೆ ಮೇಲೆ ತಾವರೆಯಲ್ಲಿ ನಿಂತ ಲಕ್ಷ್ಮಿಯ ಹಳೇ ಫೋಟೊ ಇದೆ. ಅದರ ಮೂಲ ರಾಜಾ ರವಿವರ್ಮರ ಚಿತ್ರ ಅಂತ ಗೊತ್ತಾಗಿದ್ದು ಕೇತನ್ ಮೆಹ್ತಾರ ‘ರಂಗ್ ರಸಿಯಾ’ ಸಿನಿಮಾ ನೋಡಿದ ಮೇಲೆ.

ರಣಜಿತ್ ದೇಸಾಯಿ ಅವರ ಮರಾಠಿ ಕಾದಂಬರಿ ಆಧರಿಸಿದ ಸಿನಿಮಾ ಇದು. ಅಶ್ಲೀಲತೆಯ ಆರೋಪ ಹೊತ್ತ ಕಲಾವಿದ ಕೋರ್ಟ್‌ನಲ್ಲಿ ನಿಲ್ಲುತ್ತಾನೆ. 2008ರಲ್ಲೇ ಸಿದ್ಧವಾಗಿದ್ದ ಸಿನಿಮಾ ನಮ್ಮಲ್ಲಿ ತೆರೆಕಂಡಿದ್ದು 2014ರಲ್ಲಿ. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮರ ಪ್ರೆಸ್ಸಿನಿಂದಾಗಿ ದೇವರ ಚಿತ್ರಗಳು ಸಾಮಾನ್ಯರ ಮನೆ ಸೇರಿದವು.

ಹೋದ ರಜೆಯಲ್ಲಿ ಭಾಲ್ಕಿಯಿಂದ ಔರಾದ್‌ಗೆ ಹೋದಾಗ ಆಯಿಗೆ ಈ ಕಥೆ ಹೇಳಿದೆ. “ನಮಗ ಗುಡಿ ಒಳಗ ಬಿಡ್ತಿದ್ದಿಲ್ಲ ತಮ್ಮಾ. ಅದಕ್ಕೇ ನಮ್ಮಪ್ಪ ಬೀದರ್ ಬಜಾರದಾಗಿಂದ ಈ ಫೋಟೊ ತಂದಿದ್ದ,” ಅಂದಳು. ನನಗಿದು ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಅಂಥವನ ಮ್ಯಾಲ ಕೇಸ್ ಯಾಕ ಹಾಕಿದ್ರು?”